ಖಾರದ ಗಿರಣಿಯವನ ಕಣ್ಣೀರು

ಆರು ವರ್ಷಗಳಲ್ಲಿ ನನ್ನ ಕಣ್ಣಿನಿಂದ ಹರಿದ ನೀರನ್ನು ಕೂಡಿಟ್ಟಿದ್ದರೆ ಬಸವಕಲ್ಯಾಣದ ತ್ರಿಪುರಾಂತ ಕೆರೆ ಎರಡು ಸಲ ಕೋಡಿ ಬೀಳುತ್ತಿತ್ತು. ನಾನು ನಾಗನಾಥ. ನನ್ನದು ಖಾರ ಕುಟ್ಟುವ ಗಿರಣಿ. ಅದು ಶುರುವಾದರೆ ಪುಣೆಯಲ್ಲಿ ಕೂತವರೂ ಸೀನುತ್ತಾರೆ. ಮೆಣಸಿನಕಾಯಿ ಚೀಲ ಇಳಿಸಿದ ಗಿರಾಕಿ ಮೊದಲು ನೋಡುವುದು ನನ್ನ ಮುಖವನ್ನೇ. ನೀರು ಗಲ್ಲದ ಮೇಲೇ ನಿಂತರೆ ಖಾರ ಸಾಧಾರಣ, ಗದ್ದ ದಾಟಿದರೆ ಜಬರ್ದಸ್ತ್. ಆ ಪದ್ಧತಿ ಹುಟ್ಟುಹಾಕಿದವನು ನಾನೇ.

ಗಿರಣಿ ಬಂದ್ ಇದ್ದ ದಿನವೂ ನೀರು ಸುರಿಯುತ್ತಿತ್ತು. ಕಣ್ಣಲ್ಲಿ ಮರಳು ಹಾಕಿ ಉಜ್ಜಿದಂತಾಗುತ್ತಿತ್ತು. ಎರಡನ್ನೂ ಯಾವ ಗಿರಾಕಿಗೂ ಹೇಳಲಿಲ್ಲ.

"ಒಮ್ಮೆರ ಡಾಕ್ಟರಿಗಿ ತೋರಸ್ರಿ," ಎಂದು ಹೆಂಡತಿ ವಿದ್ಯಾವತಿ ಸಾವಿರ ಸಲ ಹೇಳಿದಳು.

"ಹುಚ್ಚಿ, ಈ ನೀರೇ ನಮ್ಮ ಅಂಗಡಿ ಬೋರ್ಡ್."

"ಬೋರ್ಡ್ ಬರಸಾಕ ಗ್ವಾಡಿ ಇಲ್ಲೇನ್ರಿ?"

ಈ ಬೇಸಿಗೆಯಲ್ಲಿ ರಾಜೇಶ್ವರದ ಶಕುಂತಲಾಬಾಯಿ ಚೀಲ ತಂದರು. ಒಂದು ಹಿಡಿ ಎತ್ತಿ, "ಮಾಣಿಕ್ಯ ಇದ್ದಂಗ ಅದಾವ ಅಕ್ಕಾ," ಎಂದೆ.

ಆಕೆ ನನ್ನ ಅಂಗೈಯಿಂದ ಒಂದು ಕಾಯಿ ಎತ್ತಿ ನನ್ನ ಕಣ್ಣ ಮುಂದೆ ಹಿಡಿದರು. "ನಾಗಣ್ಣಾ, ಅರ್ಧಕ್ಕರ್ಧ ಕರ್ರಗಾಗ್ಯಾವ. ನಿಂಗ ಕಾಣಸಾಕತ್ತಿಲ್ಲೇನು?"

ಮರುದಿನ ವಿದ್ಯಾವತಿ ನನ್ನನ್ನು ಹುಮನಾಬಾದ್ ಬಸ್ಸಿಗೆ ಹತ್ತಿಸಿದಳು. ಅಲ್ಲಿಯ ಡಾಕ್ಟರು ರೆಪ್ಪೆ ಎತ್ತಿ ನೋಡಿದರು.

"ನೀರು ಬರಾಕ ಹತ್ತು ಕಾರಣ ಇರ್ತಾವ್ರಿ. ನೀರು ಇಳಿಯೋ ನಾಳ ಕಟ್ಟಿದ್ರೂ ಬರ್ತದ, ಕಣ್ಣು ಒಣಗಿದ್ರೂ ಬರ್ತದ. ನಿಮ್ಮದು ರೆಪ್ಪಿ ಒಳಗ ಮಡಚ್ಯಾದ. ರೆಪ್ಪಿ ಕೂದಲು ಕರಿಗುಡ್ಡಿ ಉಜ್ಜಾಕತ್ತಾವ."

"ಖಾರದ್ದು ಅಲ್ಲೇನ್ರಿ?"

"ಖಾರದ ನೀರು ತಾಸೊತ್ತಿನಾಗ ನಿಲ್ತದ, ಅದಕ್ಕ ನಿಮ್ಮ ಕಣ್ಣು ಎಂದೋ ಒಗ್ಗ್ಯಾದ. ಆಪರೇಷನ್ ಮಾಡಿದ್ರ ಉಜ್ಜೋದು ನಿಲ್ತದ್ರಿ. ಆದ್ರ ಗುಡ್ಡಿ ಮ್ಯಾಲ ಕಲೆ ಬಿದ್ದಾದ. ಹೋದ ನೋಟ ಬರ್ತದಂತ ನಾ ಹೇಳಂಗಿಲ್ಲ. ಮೊದಲೇ ಯಾಕ ಬರಲಿಲ್ಲ?"

ಮೂರು ಜಿಲ್ಲೆಯ ಮೆಣಸಿನಕಾಯಿ ಅರೆದ ನಾಗನಾಥನನ್ನು ಅವನದೇ ನಾಲ್ಕು ಕೂದಲು ಅರೆದು ಹಾಕಿದ್ದವು.

ಆಪರೇಷನ್ ಆಯಿತು. ಉರಿ ಹೋಯಿತು, ನೀರೂ ನಿಂತಿತು. ಕಣ್ಣ ಮುಂದಿನ ಮಂಜು ಮಾತ್ರ ಹಾಗೇ ಉಳಿಯಿತು. ತಿಂಗಳಾದ ಮೇಲೆ ಗಿರಣಿ ತೆರೆದೆ. ಇಪ್ಪತ್ತು ವರ್ಷದ ಗಿರಾಕಿ ಬಕ್ಕಪ್ಪ ಬಂದ. ದನಿಯಿಂದ ಗುರುತು ಹಿಡಿದೆ. ಗಿರಣಿ ಶುರುಮಾಡಿ ಅವನ ಕಾಯಿಯಲ್ಲಿ ನಾಲ್ಕು ಹಿಡಿ ಹಾಕಿದೆ. ಅವನು ನನ್ನ ಮುಖ ನೋಡುತ್ತಿದ್ದಾನೆಂದು ಗೊತ್ತಾಗುತ್ತಿತ್ತು.

"ಮುಖ ಒಣಗೇ ಅದಲ್ಲೋ. ಕಾಯಿ ಸಪ್ಪಗ ಅದಾವೇನು?"

"ಬೆಂಕಿ ಅದಾವ ಬಕ್ಕಪ್ಪಾ. ನನ್ನ ಕಣ್ಣೇ..."

"ಇರಲಿ ಬಿಡು. ಆ ಕಡೆ ಗಿರಣ್ಯಾಗ ಒಮ್ಮೆ ನೋಡ್ತೀನಿ."

ಅವನು ಕಾಯಿ ಚೀಲ ಎತ್ತಿಕೊಂಡ; ಕೆಂಪು ಮಸುಕೊಂದು ಬಾಗಿಲು ದಾಟಿ ಹೋಯಿತು. ನಾನು ಗಿರಣಿ ಬಂದ್ ಮಾಡಿ ಸ್ಟೂಲಿನ ಮೇಲೆ ಕೂತೆ.

ನೀರು ಗದ್ದ ದಾಟಿತು. ನೋಡಲು ಒಬ್ಬ ಗಿರಾಕಿಯೂ ಇರಲಿಲ್ಲ.