ಒಂದೇ ಹೆಸರಿನ ಎರಡು ಸೀರೆ

ಸೆರಗಿನಲ್ಲಿ ‘ಅನ್ನಪೂರ್ಣೇಶ್ವರಿ’ ಎಂದು ಹೆಸರು ನೇಯ್ದ ಸೀರೆ ಬೇಕೆಂದು ನಮ್ಮ ಗಜೇಂದ್ರಗಡದ ನೇಕಾರರ ಸಂಘಕ್ಕೆ ಎರಡು ಆರ್ಡರ್ ಬಂದವು. ಕೇಳಿದ್ದವಳು ಸೂಡಿ ಊರಿನ ಮದುಮಗಳು ಒಬ್ಬಳೇ. ಮೊಬೈಲಿನಲ್ಲಿ ಫಾರ್ಮ್ ತುಂಬಿ ಬಟನ್ ಒತ್ತಿದ್ದಾಳೆ, ನೆಟ್‌ವರ್ಕ್ ನಿಧಾನ, ಹೋಯಿತೋ ಇಲ್ಲವೋ ಎಂದು ಮತ್ತೆ ಒತ್ತಿದ್ದಾಳೆ. ಒಂದನ್ನು ನಾನು ನೇಯ್ದೆ, ಇನ್ನೊಂದನ್ನು ಗುರುಸಂಗಪ್ಪ. ಬೇರೆಯವರ ಹೆಸರಿನ ಸೀರೆಯನ್ನು ಯಾರು ಉಡುತ್ತಾರೆ?

ಸಂಘದ ಆ ವೆಬ್‌ಸೈಟ್ ಮಾಡಿದವಳು ನನ್ನ ಸೊಸೆ ನಿರ್ಮಲಾ.

“ಇನ್ನೊಂದ್ ಸಲ ಹಿಂಗಾತಂದ್ರ ಬಂದ್ ಮಾಡೂದ ನೋಡವಾ,” ಎಂದ ಸಂಘದ ಅಧ್ಯಕ್ಷ ಅರ್ಜುನಪ್ಪ.

ಒಮ್ಮೆ ಒತ್ತಿದ ಬಟನ್ ಮತ್ತೆ ಕೆಲಸ ಮಾಡದಂತೆ ಮಾಡಿದಳು ನಿರ್ಮಲಾ. ಸಾಲಲಿಲ್ಲ. “ಹಿಂದಕ್ಕ ಹೋಗಿ ಮತ್ತ ಒತ್ತತಾರ್ರಿ ಮಾವಾರ. ಅದು ಹಳೇದೋ ಹೊಸಾದೋ ಗೊತ್ತಾಗಬೇಕಲ್ಲ?” ಎಂದು ಮಗ್ಗದ ಬಳಿ ಕುಳಿತಳು.

ನನಗೆ ನನ್ನವ್ವ ನೆನಪಾದಳು. ಸೀರೆ ನೇಯಿಸಲು ಬಂದವರ ಕೈಗೆ ಅವಳು ಮೊದಲೇ ಗಂಟು ಹಾಕಿದ ದಾರವೊಂದನ್ನು ಕೊಡುತ್ತಿದ್ದಳು. ಗಂಟುಗಳ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು. ನಾಳೆ ಗಂಡ ಬರಲಿ, ನಾಡಿದ್ದು ಮೈದುನ ಬರಲಿ, “ದಾರ ತೋರಸ್ರಿ” ಎನ್ನುವಳು. ಅದೇ ದಾರವಾದರೆ ಅದೇ ಸೀರೆ.

ಇಷ್ಟು ಹೇಳಿದ್ದೇ ತಡ, ನಿರ್ಮಲಾ ಎದ್ದು ನಿಂತಳು. “ಫಾರ್ಮ್ ತಗದ ಕೂಡಲೇ ಅದಕ್ಕೊಂದು ನಂಬರ್ ಕೊಡೂದು! ಅದೇ ನಂಬರ್ ಮತ್ತ ಬಂದ್ರ, ಹಳೇದು!”

ಮೂರು ದಿನ ಬಿಟ್ಟು ಅರ್ಜುನಪ್ಪನನ್ನು ಸೂಡಿಗೆ ಕರೆದುಕೊಂಡು ಹೋದೆವು. ನೆಟ್‌ವರ್ಕ್ ತೊಡಕಾಗುವುದು ಅಲ್ಲೇ. ನಿರ್ಮಲಾ ಹೇಳಿದಂತೆ ಅವನು ಫಾರ್ಮಿನಲ್ಲಿ ತನ್ನ ಹೆಂಡತಿ ಸಕ್ಕೂಬಾಯಿಯ ಹೆಸರು ತುಂಬಿ, ಸೇಡು ತೀರಿಸುವವನಂತೆ ಆರು ಸಲ ಒತ್ತಿದ. ಹಿಂದಕ್ಕೆ ಹೋಗಿ ಮತ್ತೆ ಒತ್ತಿದ. ‘ನಿಮ್ಮ ಆರ್ಡರ್ ಆಗಲೇ ತಲುಪಿದೆ’ ಎಂದು ಬಂತು. ಸಂಘಕ್ಕೆ ಫೋನ್ ಮಾಡಿದ.

“ಗುರುಸಂಗಪ್ಪ, ಎಷ್ಟ್ ಬಂದಾವ?”

“ಒಂದ ಐತ್ರಿ. ಸಕ್ಕೂಬಾಯಿ. ಮಗ್ಗಕ್ಕ ಹಾಕಲೇನ್ರಿ?”

“ಏ, ತಡೀಯೋ! ಇದು ಬರೇ ಪರೀಕ್ಷಾ!”

“ಕಾಕಾರ, ನಿಮಗ ಸೀರಿ ಬರತೈತಿ ಅಂತ ಕಾಕುಗ ನಾ ಮುಂಜಾನೇನ ಹೇಳೇನ್ರಿ,” ಎಂದಳು ನಿರ್ಮಲಾ, ನಗದೆ.

ಅರ್ಜುನಪ್ಪ ನನ್ನ ಮುಖ ನೋಡಿದ, ಫೋನ್ ನೋಡಿದ. “ಹಾಕಪಾ. ಅಂಚು ಕೆಂಪ ಇರ್ಲಿ,” ಎಂದ. ಆಮೇಲೆ ಅವಳ ಕಡೆ ತಿರುಗಿ, “ನಡಸವಾ. ಬಂದ್ ಮಾಡೂ ಮಾತ ಇನ್ನ ಇಲ್ಲ.”

ಸಂಜೆ ಬಸ್ ಸ್ಟ್ಯಾಂಡಿನಲ್ಲಿ, ಯಾರೂ ಕೇಳದಿದ್ದರೂ, ಸಂಘದ ವೆಬ್‌ಸೈಟ್ ನಮ್ಮ ಸೊಸೆ ಮಾಡಿದ್ದು ಎಂದು ನಾಲ್ಕು ಮಂದಿಗೆ ಹೇಳಿದೆ. ಅವರಲ್ಲಿ ರಾಜೂರಿನವನೊಬ್ಬ ಅದನ್ನೇ ಎರಡು ಸಲ ಕೇಳಿಸಿಕೊಂಡ.