ಅಳತೆ ತುಂಬಿದ ವಾಯ್ಸ್‌ಮೇಲ್

ಅಳತೆ ಬರೆದಿಡುವ ಅಭ್ಯಾಸ ಈ ದರ್ಜಿಗೆ ಇರಲೇ ಇಲ್ಲ. ಹೊಲಿಗೆ ಯಂತ್ರದ ಗದ್ದಲದಲ್ಲಿ ಫೋನ್ ಕೇಳಿಸುವುದಿಲ್ಲವಾದ್ದರಿಂದ ಗಿರಾಕಿಗಳು ದನಿ ಹಿಡಿದಿಡುವ ವಾಯ್ಸ್‌ಮೇಲ್ ಪೆಟ್ಟಿಗೆಯಲ್ಲೇ ಅಳತೆ ಹೇಳಿಬಿಡುತ್ತಿದ್ದರು. ತೋಳು ಇಷ್ಟು, ಎದೆ ಇಷ್ಟು, ಹೊಟ್ಟೆಯದು ಮಾತ್ರ ನೀನೇ ಅಂದಾಜು ಮಾಡಿಕೋ ಎಂದು ನಾಚಿಕೊಳ್ಳುವವರೂ ಇದ್ದರು. ಅವನು ಅದನ್ನು ಕೇಳುತ್ತಾ ನೇರವಾಗಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದ. ಬಟ್ಟೆ ಹೊಲಿದು ಕೊಟ್ಟ ಮೇಲೂ ಆ ಸಂದೇಶ ಅಳಿಸುತ್ತಿರಲಿಲ್ಲ, ಮುಂದಿನ ಸಲಕ್ಕೆ ಬೇಕಲ್ಲ! ಈ ಜಾಣತನದ ಬಗ್ಗೆ ಅವನಿಗೆ ಬಹಳ ಹೆಮ್ಮೆ. ಸಿಕ್ಕಿದವರಿಗೆಲ್ಲ ಅದನ್ನು ಹೇಳಿಕೊಳ್ಳುತ್ತಲೂ ಇದ್ದ.

ಆ ದಿನ ಮಧ್ಯಾಹ್ನ ಪಕ್ಕದಂಗಡಿಯ ಮೊಬೈಲ್ ರಿಪೇರಿಯವನು ಬಾಗಿಲಲ್ಲಿ ಇಣುಕಿ, ಪ್ಯಾಂಟಿನ ಅಳತೆ ಹೇಳೋಣವೆಂದರೆ ನಿನ್ನ ಪೆಟ್ಟಿಗೆ ತುಂಬಿದೆಯಂತೆ ಮಾರಾಯ ಎಂದ. ದರ್ಜಿಯ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು.

ದರ್ಜಿಯ ಹೆಂಡತಿಗೆ ಎರಡು ವರ್ಷದಿಂದ ಕಣ್ಣು ಮಂಜು. ಮನುಷ್ಯರು ನೆರಳಿನಂತೆ ಕಾಣುತ್ತಿದ್ದರು, ಅಷ್ಟೆ. ದಾನದ ಕಣ್ಣು ಬಂದ ಕೂಡಲೇ ಫೋನ್ ಮಾಡುತ್ತೇವೆ, ಅಲ್ಲಿಂದ ಎರಡು ಗಂಟೆಗಳ ಒಳಗೆ ಬರುತ್ತೇವೆಂದು ಹೇಳದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅವರಿಗೆ ಕೊಟ್ಟ ಮೊದಲ ಫೋನ್ ನಂಬರ್ ತನ್ನದು, ಎರಡನೆಯದು ಮನೆಯದು. ಹೀಗೆ ಬರೆಸಿದವನು ಅವನೇ.

ಫೋನ್ ತೆಗೆದು ನೋಡಿದ. ಆಸ್ಪತ್ರೆಯಿಂದ ಒಂದು ಕರೆ, ಹತ್ತು ಐವತ್ತಕ್ಕೆ. ಅದರ ಹಿಂದೆಯೇ ಮನೆಯಿಂದ ಮೂರು. ಈಗ ಒಂದೂಕಾಲು. ಎರಡು ಗಂಟೆಗಳ ಗಡುವು ಆಗಲೇ ಕಳೆದುಹೋಗಿತ್ತು. ಆಸ್ಪತ್ರೆಗೆ ಎಷ್ಟು ಸಲ ಫೋನ್ ಮಾಡಿದರೂ ಲೈನ್ ಬ್ಯುಸಿ. ಮನೆಗೆ ಮಾಡಿದ, ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಒಬ್ಬಳೇ ಹೊಸ್ತಿಲು ದಾಟದವಳು ಎಲ್ಲಿ ಹೋದಳು? ಬಿದ್ದಳೇ?

ಆಸ್ಪತ್ರೆಯವರು ಮತ್ತೆ ಪ್ರಯತ್ನಿಸಿದರೆ ಪೆಟ್ಟಿಗೆಯಲ್ಲಾದರೂ ಜಾಗ ಇರಲಿ ಎಂದು ಅಳತೆಗಳನ್ನು ಅಳಿಸತೊಡಗಿದ. ಬ್ಯಾಂಕಿನ ಮೇಡಮ್, ಮೇಷ್ಟ್ರು, ಇನ್ನೂ ಹೊಲಿಯಬೇಕಿದ್ದ ಮದುಮಗನ ಕೋಟು, ಯಾವುದನ್ನೂ ಉಳಿಸಲಿಲ್ಲ. ಮುಗಿಸಿ ನೋಡಿದರೆ ಪೆಟ್ಟಿಗೆ ತುಂಬಿದೆ ಎಂಬ ಮಾತೇ ಮತ್ತೆ ಬಂತು. ಅವನಿಗೆ ಫೋನನ್ನು ಗೋಡೆಗೆ ಬಡಿಯುವಷ್ಟು ಸಿಟ್ಟು ಬಂತು.

ರಿಪೇರಿಯವನು ಫೋನ್ ಕಿತ್ತುಕೊಂಡ. ಅಳಿಸಿದ್ದೆಲ್ಲ ಫೋನಿನದೇ ಕಸದ ಬುಟ್ಟಿಯಲ್ಲಿ ಕೂತಿರುತ್ತದೆ, ಅದನ್ನೂ ಖಾಲಿ ಮಾಡಬೇಕು ಎಂದು ತೋರಿಸಿ, ಖಾಲಿ ಮಾಡಿ, ಫೋನ್ ಆರಿಸಿ ಮತ್ತೆ ಹಾಕಿದ. ಈಗ ಜಾಗ ಇತ್ತು. ಬೆಳಗ್ಗೆ ಆಸ್ಪತ್ರೆಯವರು ಹೇಳಲು ಬಂದದ್ದು ಈಗ ಕೇಳಿಸುತ್ತದೆಯೇ ಎಂದು ದರ್ಜಿ ಆಸೆಯಿಂದ ಕೇಳಿದ.

“ಇಲ್ಲಣ್ಣ. ಆಗ ಅದು ತಗೊಂಡೇ ಇಲ್ಲ. ತಗೊಳ್ದೇ ಇದ್ದದ್ದನ್ನ ಎಲ್ಲಿಂದ ಕೊಡುತ್ತೆ?”

ದರ್ಜಿಗೆ ಅಳು ಬಂತು. ಮನೆಗೆ ಓಡಬೇಕೋ ಆಸ್ಪತ್ರೆಗೆ ಓಡಬೇಕೋ ತಿಳಿಯದೆ ಚಪ್ಪಲಿ ಮೆಟ್ಟುತ್ತಿದ್ದಾಗಲೇ ಫೋನ್ ಬಂತು. ಆಸ್ಪತ್ರೆಯ ನಂಬರ್. ನರ್ಸ್ ಏನನ್ನೂ ವಿವರಿಸದೆ, ಮಾತಾಡಿ ಎಂದು ಫೋನನ್ನು ಯಾರಿಗೋ ಕೊಟ್ಟಳು.

“ನಾನು ರೀ,” ಎಂದಳು ಹೆಂಡತಿ. “ಇನ್ನೊಂದು ಗಳಿಗೇಲಿ ಆಪರೇಶನ್ನಿಗೆ ಒಳಗೆ ಕರ್ಕೊಂಡು ಹೋಗ್ತಾರೆ. ನೀವು ಎತ್ತಲಿಲ್ಲ ಅಂತ ಮನೆಗೆ ಮಾಡಿದ್ರು. ಬರ್ತೀನಿ ಅಂದುಬಿಟ್ಟೆ.”

ಅವನಿಗೆ ಹೋದ ಜೀವ ಬಂದಂತಾಯಿತು. ಒಬ್ಬಳೇ ಹೇಗೆ ಹೋದೆ ಎಂದು ತೊದಲಿದ.

“ಮೂರು ಸಲ ಮಾಡ್ದೆ ನಿಮಗೆ. ಮೂರು ಸಲನೂ ಜಾಗ ಇಲ್ಲ ಅಂತು.” ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. “ಗೋಡೆ ಹಿಡ್ಕೊಂಡು ಬಸ್ ಸ್ಟಾಪ್‌ಗೆ ಬಂದೆ. ದೊಡ್ಡ ರಸ್ತೆ ದಾಟೋವಾಗ ಯಾರೋ ಕೈ ಹಿಡ್ಕೊಂಡ್ರು. ಎಷ್ಟೋ ಹೊತ್ತು ನೀವೇ ಅಂದ್ಕೊಂಡಿದ್ದೆ.”

ಅವನು ಅಂಗಡಿಯನ್ನು ಹಾಗೇ ತೆರೆದಿಟ್ಟು ಬೀದಿಗಿಳಿದು ಓಡಿದ.