ಕಲ್ಲಾದ ತೊಡೆಗಳು

ಆಮ್ರಪಾಲಿ ಗರಡಿಮನೆಯ ಬಾಗಿಲಿಗೆ ಬಂದಾಗ ಒಳಗಿನಿಂದ ಯಾರೋ ಚೀರುವುದು ಕೇಳಿಸಿತು. ಸಾಮು ಮಾಡುವವರ ಹುಂಕಾರ ಅವಳ ಕಿವಿಗೆ ರೂಢಿಯಾಗಿತ್ತು. ಇದು ಅದಾಗಿರಲಿಲ್ಲ.

ಸ್ನಾಯುಗಳ ದಣಿವಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಅವಳು ಚಳಿಗಾಲದಿಂದಲೂ ಕುಲಗೋಡದ ಈ ಗರಡಿಗೆ ಬಂದು ಹೋಗುತ್ತಿದ್ದಳು. ಪೈಲ್ವಾನರ ತೊಡೆಗೆ ತಂತಿ ಅಂಟಿಸಿ, ಬೆರಳ ತುದಿಯಿಂದ ರಕ್ತ ತೆಗೆದು, ಸ್ನಾಯು ಎಲ್ಲಿಯತನಕ ಬಲಿಯುತ್ತದೆ, ಎಲ್ಲಿಂದ ಹರಿಯತೊಡಗುತ್ತದೆ ಎಂದು ನೋಡುವುದು ಅವಳ ಕೆಲಸ. ಬೆಲ್ಲದ ಬಾಗೇವಾಡಿಯಲ್ಲಿ ಕಬ್ಬು ಕಡಿಯುತ್ತಿದ್ದ ತಾಯಿ ಸಾತವ್ವನ ತೋಳುಗಳನ್ನು ನೋಡುತ್ತಲೇ ಅವಳಿಗೆ ಈ ವಿದ್ಯೆಯ ಹುಚ್ಚು ಹಿಡಿದಿತ್ತು.

ಒಳಗೆ ಕೆಮ್ಮಣ್ಣಿನ ಕಣದಲ್ಲಿ ಪೈಲ್ವಾನ ಲಖನ ಬಿದ್ದಿದ್ದ. ಹುಕ್ಕೇರಿಯ ಕುಸ್ತಿಯಲ್ಲಿ ಸೋತು ಬಂದದ್ದಕ್ಕೆ ಗರಡಿಯ ಗುರು ವಸ್ತಾದ ಮಾಲಿಂಗಪ್ಪ ಹಿಂದಿನ ದಿನ ಅವನಿಂದ ಉರಿಬಿಸಿಲಲ್ಲಿ ಬಸ್ಕಿ ಹೊಡೆಸಿದ್ದ. ಕುಸಿದಾಗಲೆಲ್ಲ ಬೆತ್ತದಿಂದ ಬಾರಿಸಿ ಎಬ್ಬಿಸಿದ್ದ. ಈಗ ಲಖನನ ತೊಡೆಗಳು ಉಬ್ಬಿ ಕಲ್ಲಾಗಿದ್ದವು. ಮಾಲಿಂಗಪ್ಪ ಅವುಗಳ ಮೇಲೆ ಮೊಣಕಾಲೂರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ.

“ಉಚ್ಚಿ ಯಾವ ಬಣ್ಣ ಐತೋ?” ಎಂದು ಆಮ್ರಪಾಲಿ ಕೇಳಿದಳು.

“ಕರಿ ಚಾದಂಗ ಆಗೇತ್ರಿ ಅಕ್ಕಾರ,” ಎಂದ ಲಖನನ ಜೋಡಿ ಪೈಲ್ವಾನ ಅಫ್ಜಲ. “ಮುಂಜಾನಿಯಿಂದ ಅದೂ ನಿಂತೈತಿ.”

ಅವಳಿಗೆ ಅರ್ಥವಾಯಿತು. ಒಡೆದ ಸ್ನಾಯುವಿನ ಒಳಗಿನದೆಲ್ಲ ರಕ್ತಕ್ಕಿಳಿದು ಮೂತ್ರಪಿಂಡಗಳು ಕಟ್ಟಿಕೊಂಡಿದ್ದವು. ತಿಕ್ಕಿದಷ್ಟೂ ಇನ್ನಷ್ಟು ಇಳಿದು ಹೃದಯವನ್ನೇ ನಿಲ್ಲಿಸಬಹುದಿತ್ತು.

“ಕೈ ತಗೀರಿ ವಸ್ತಾದ್ರ! ಈಗಿಂದೀಗ ಗೋಕಾಕದ ದವಾಖಾನಿಗೆ ಒಯ್ಯಬೇಕು. ಇಲ್ಲಾಂದ್ರ ಸಾಯ್ತಾನ.”

“ಬಸ್ಕಿ ಹೊಡದು ಸತ್ತ ಪೈಲ್ವಾನನ್ನ ಎಲ್ಲೆರ ನೋಡಿಯೇನವಾ? ನಿನ್ನ ಮಶೀನ್ ತಗೊಂಡು ಬಾಜೂಕ ಸರಿ.”

“ಪೊಲೀಸರಿಗೆ ಹೇಳ್ತೇನಿ.”

ಫೋನು ಕಿವಿಗೇರುವ ಮೊದಲೇ ಮಾಲಿಂಗಪ್ಪ ಗೋಡೆಗೊರಗಿದ್ದ ಮರದ ಗದೆ ಎತ್ತಿ ಬೀಸಿದ. ಮುಂಗೈ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಎರಡನೆಯ ಏಟು ಭುಜಕ್ಕೆ ಬಿತ್ತು. ಕೆಳಗೆ ಬಿದ್ದವಳ ಕೂದಲು ಹಿಡಿದು ಅವನು ಮುಖವನ್ನು ಕಣದ ಅಂಚಿಗೆ ಬಡಿದ. ಬಾಯಲ್ಲಿ ರಕ್ತವೂ ಮಣ್ಣೂ ಕಲೆತವು. ಆದರೂ ಅವಳು ತೆವಳಿ ಹೋಗಿ ಲಖನನಿಗೆ ಅಡ್ಡ ಕೂತಳು. ಗದೆ ಮತ್ತೆ ಮೇಲೆದ್ದಿತು.

ದಿನವೂ ವಸ್ತಾದನ ಕಾಲು ಮುಟ್ಟಿ ಕಣಕ್ಕಿಳಿಯುತ್ತಿದ್ದ ಅಫ್ಜಲ ಹಿಂದಿನಿಂದ ಹಾರಿ ಅವನ ಕುತ್ತಿಗೆಗೆ ತೋಳು ಹಾಕಿದ. ಇಬ್ಬರೂ ಉರುಳಿದರು. ಮಾಲಿಂಗಪ್ಪ ಅವನ ತೋಳನ್ನು ಕಚ್ಚಿ ಮಾಂಸ ಹರಿದ; ಕಣ್ಣಿಗೆ ಬೆರಳು ಹಾಕಿದ. ಅಫ್ಜಲ ಆ ಕೈಯನ್ನೇ ಹಿಡಿದು ಮೊಣಕೈ ಲಟಕ್ಕೆನ್ನುವವರೆಗೂ ತಿರುಚಿದ. ಕುತ್ತಿಗೆಯ ಬಿಗಿ ಮಾತ್ರ ಸಡಿಲಿಸಲಿಲ್ಲ. ಮಾಲಿಂಗಪ್ಪನ ಮುಖ ನೀಲಿಗಟ್ಟಿತು. ಹಿಮ್ಮಡಿಗಳು ಮಣ್ಣು ಕೆದರತೊಡಗಿದವು.

ಕುತ್ತಿಗೆಯ ರಕ್ತನಾಳ ಒತ್ತಿಹಿಡಿದರೆ ಮನುಷ್ಯ ಎಷ್ಟು ಬೇಗ ಹೋಗುತ್ತಾನೆಂದು ಆಮ್ರಪಾಲಿಗೆ ಚೆನ್ನಾಗಿ ಗೊತ್ತಿತ್ತು. ಹೋಗಲಿ, ಎಂದುಕೊಂಡಳು. ಆ ಕಾಲುಗಳು ಸೋಲುವುದನ್ನು ನೋಡುತ್ತ ಸುಮ್ಮನೆ ಕೂತಳು.

ಪಕ್ಕದಲ್ಲೇ ಲಖನ ನೀರು ನೀರು ಎಂದು ನರಳಿದ.

“ಬಿಡೋ ಅಫ್ಜಲ!” ಅವಳು ಕೂಗಿದಳು. “ಇಂವನ್ನ ಎತ್ತಾಕ ನಿನ್ನ ಬಿಟ್ರ ಯಾರಿಲ್ಲೋ!”

ಅಫ್ಜಲ ಬಿಟ್ಟ. ಲಖನನನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಸಿಕ್ಕ ಟಂಟಂ ಗಾಡಿಯಲ್ಲಿ ಗೋಕಾಕ ತಲುಪಿದರು. ದವಾಖಾನೆಯ ಮೇಜಿನ ಮೇಲೆ ಲಖನನ ಹೃದಯ ನಿಂತೇಬಿಟ್ಟಿತು. ಎದೆ ಒತ್ತಿ, ಕರೆಂಟು ಕೊಟ್ಟು, ವೈದ್ಯರು ಅದನ್ನು ಮರಳಿ ಹೊಡೆದುಕೊಳ್ಳುವಂತೆ ಮಾಡಿದರು. ರಕ್ತವನ್ನು ಯಂತ್ರಕ್ಕೆ ಹಾಯಿಸಿ ತೊಳೆದರು. ಅವನು ಉಳಿದ.

ಮಾಲಿಂಗಪ್ಪನೂ ಉಳಿದ. ಅಫ್ಜಲ ಕೊಲ್ಲಲು ಬಂದನೆಂದು ದೂರು ಕೊಟ್ಟ. ಪೊಲೀಸರು ಅಫ್ಜಲನನ್ನು ದವಾಖಾನೆಯ ಮೆಟ್ಟಿಲ ಮೇಲಿಂದಲೇ ಎಳೆದೊಯ್ದರು. ಆಮ್ರಪಾಲಿ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಠಾಣೆಗೆ ಹೋದಳು.

“ಖರೆ ಹೇಳ್ರಿ ಮೇಡಂ,” ಎಂದ ಫೌಜದಾರ. “ಅಂವ ನಿಮ್ಮನ್ನ ಉಳಸಾಕ ಹಿಡದ್ನೋ, ವಸ್ತಾದನ್ನ ಕೊಲ್ಲಾಕ ಹಿಡದ್ನೋ?”

“ಉಳಸಾಕ ಹಿಡದಾನ್ರಿ. ಬಿಡು ಅಂದಕೂಡ್ಲೆ ಬಿಟ್ಟಾನ.” ಅವಳು ಒಡೆದ ತುಟಿ ಒರೆಸಿಕೊಂಡಳು. “ಸಾಯ್ಲಿ ಅಂತ ಅನಿಸಿದ್ದು ನನಗ.”

ಫೌಜದಾರ ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದ. “ಆ ಮಾತು ಬರಿಬೇಕೇನ್ರಿ?”

“ಬರೀರಿ.”

ಅವಳ ಹೇಳಿಕೆಯಿಂದ ಅಫ್ಜಲನಿಗೆ ಜಾಮೀನು ಸಿಕ್ಕಿತು. ಲಖನನನ್ನೂ ಅವಳನ್ನೂ ಹೊಡೆದದ್ದಕ್ಕೆ ಮಾಲಿಂಗಪ್ಪ ಜೈಲಿಗೆ ಹೋದ. ಲಖನ ಗೋಡೆ ಹಿಡಿದು ನಡೆಯುವುದನ್ನು ಕಲಿಯತೊಡಗಿದ.